ಕೊನೆಯ ಪಂದ್ಯಕ್ಕೆ ಒಂದು ಜೊತೆ ಗ್ಲೌಸು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ, ಬೆಳಗಿನ ಹತ್ತೂವರೆ

ಪ್ರೀತಿಯ ಮಿಡತೆಗೆ,

ಅಮ್ಮನ ಮುತ್ತುಗಳು. ಹೇಗಿದ್ದೀಯ? ಮೊಣಕೈ ತರಚಿದ್ದು ಒಣಗಿತೇ? ಒಣಗುತ್ತಿರುವ ಗಾಯದ ಸಿಪ್ಪೆ ಕೀಳುವ ಕೆಟ್ಟ ಚಾಳಿ ನಿನಗಿದೆ, ಕೀಳಬೇಡ. ಸರಿಯಾಗಿ ನಿದ್ದೆ ಮಾಡುತ್ತಿದ್ದೀಯಾ? ಹೊಟ್ಟೆ ತುಂಬ ತಿನ್ನುತ್ತಿದ್ದೀಯಾ? ಟೀವಿಯಲ್ಲಿ ನಿನ್ನ ಕೆನ್ನೆ ನೋಡಿ ನಿಮ್ಮಜ್ಜಿ, "ಆ ಕ್ಯಾಂಪಲ್ಲಿ ಮಕ್ಕಳಿಗೆ ಫುಟ್ಬಾಲು ಕೊಡ್ತಾರೆ, ಊಟ ಕೊಡಲ್ಲ" ಎಂದು ತೀರ್ಪು ಕೊಟ್ಟಿದ್ದಾರೆ. ಅವರ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಿಮ್ಮಪ್ಪ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ. ನಿಜ ಹೇಳಬೇಕೆಂದರೆ ಗುರುವಾರದಿಂದ ಈ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿಲ್ಲ.

ಫೋನು ಇರುವ ಕಾಲದಲ್ಲಿ ಅಮ್ಮ ಇಷ್ಟುದ್ದ ಕಾಗದ ಬರೆಯುತ್ತಾಳೆಂದು ನಿನ್ನ ಕೋಣೆಯ ಹುಡುಗಿಯರು ನಗುತ್ತಾರಂತೆ, ನಿನ್ನ ಕೈಯಲ್ಲಿ ಗಟ್ಟಿಯಾಗಿ ಓದಿಸುತ್ತಾರಂತೆ. ಓದಿಸಲಿ. ಮಾಡುವುದೇನು? ನಿಮ್ಮ ಕೋಚಮ್ಮ ಅರ್ಹತಾ ಸುತ್ತು ಮುಗಿಯುವವರೆಗೆ ಎಲ್ಲರ ಫೋನನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಒಂದೊಂದು ಪಂದ್ಯ ಆದಮೇಲೆ ಹತ್ತು ನಿಮಿಷ ಮಾತ್ರ ಕೊಡುತ್ತಾರೆ. ಆ ಹತ್ತರಲ್ಲಿ ಏಳು ನಿಮಿಷ ನಿಮ್ಮಜ್ಜಿ ರೆಫರಿಯ ವಂಶ ಜಾಲಾಡುತ್ತಾರೆ. ಎರಡು ನಿಮಿಷ ನಿಮ್ಮಪ್ಪ "ಹಲೋ, ಕೇಳಿಸ್ತಿದೆಯಾ, ಹಲೋ" ಅನ್ನುತ್ತಾರೆ. ನನ್ನ ಪಾಲಿಗೆ ಉಳಿಯುವುದು ಒಂದು ನಿಮಿಷ. ಗುರುವಾರ ಆ ಒಂದು ನಿಮಿಷದಲ್ಲಿ ನೀನು ಎರಡು ಮಾತು ಹೇಳಿದೆ. ಬಲಗೈ ಗ್ಲೌಸು ಅಂಗೈ ಹತ್ತಿರ ಹರಿದುಹೋಗಿದೆ, ಎಡಗೈದು ಇನ್ನೂ ತಡೆಯುತ್ತದೆ, ಕ್ಯಾಂಪಿನಲ್ಲಿ ಕೊಡುವ ಕಂಪನಿ ಗ್ಲೌಸು ಕಿರುಬೆರಳಿಗೆ ಒತ್ತುತ್ತದೆ, ನಮ್ಮ ಕಾರ್ಖಾನೆಯದೇ ಬೇಕು ಅನ್ನುವುದು ಒಂದು. "ಬುಧವಾರ ಕೊನೇ ಮ್ಯಾಚಿಗಾದ್ರೂ ಬಾಮ್ಮಾ" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೂಂ ಅಂದೆ. ಎರಡನೆಯದಕ್ಕೆ "ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಅದನ್ನು ಕೇಳಿ ನಿನ್ನ ದನಿ ಸಣ್ಣಗಾದದ್ದು ನನಗೆ ಗೊತ್ತಾಯಿತು. ಏನಾದರೂ ಹೇಳೋಣವೆಂದರೆ ಹತ್ತು ನಿಮಿಷ ಮುಗಿದಿತ್ತು. ಆ "ನೋಡೋಣ"ಕ್ಕೆ ಅರ್ಥ ಬರೆಯಲೆಂದೇ ಇವತ್ತು ಕೂತಿದ್ದೇನೆ. ನಾಳೆ ಅಂಚೆಗೆ ಹಾಕಿದರೆ ಪಂದ್ಯ ಮುಗಿದ ಮೇಲೆ ನಿನ್ನ ಕೈ ಸೇರುತ್ತದೇನೋ, ಆದರೂ ಬರೆಯದೆ ಇರಲಾರೆ. ಮೊದಲು ಸುದ್ದಿ ಹೇಳುತ್ತೇನೆ. ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಬೇರೆ ಮಾತಾಡಲು ನನಗೆ ಬರುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಕೇಳುವ ಹುಡುಗಿಯರಿಗೂ ತಿಳಿಯಲಿ. ನಮ್ಮ ಗ್ಲೌಸು ಕಾರ್ಖಾನೆಯಲ್ಲಿ ಹೊಲಿಗೆ ಹಾಲ್ ಒಂದೇ, ನಡುವೆ ಕೈಗಾಡಿ ಓಡಾಡುವಷ್ಟು ದಾರಿ. ದಾರಿಯ ಈಚೆ ಎಡಗೈ ಬೆಂಚು, ಆಚೆ ಬಲಗೈ ಬೆಂಚು. ಈಚೆಯ ಹನ್ನೊಂದು ಜನ ಎಡಗೈ ಗ್ಲೌಸನ್ನಷ್ಟೇ ಹೊಲಿಯುತ್ತೇವೆ, ಆಚೆಯವರು ಬಲಗೈಯದನ್ನಷ್ಟೇ. ಪ್ಯಾಕಿಂಗ್ ಮೇಜಿಗೆ ಹೋದಮೇಲೇ ಅವು ಜೊತೆಯಾಗುವುದು. ನಾನು ಎಡಗೈ ಬೆಂಚಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ನಿನಗಿಂತ ಎರಡು ವರ್ಷ ಹಿರಿಯದು ನನ್ನ ಕುರ್ಚಿ. ನೀನು ಗೋಲಿನಲ್ಲಿ ನಿಂತ ದಿನದಿಂದ ನಿನ್ನ ಎಡಗೈಯದು ನಾನು ಹೊಲಿದದ್ದು, ಬಲಗೈಯದು ದಬ್ಬಣದಮ್ಮ ಹೊಲಿದದ್ದು. ದಬ್ಬಣದಮ್ಮ ಅಂದರೆ ಆಚೆ ಬೆಂಚಿನ ಹಿರಿತಲೆ. ಸೂಜಿಯಲ್ಲಿ ಮುಗಿಯುವ ಮಾತನ್ನು ದಬ್ಬಣದಲ್ಲಿ ಚುಚ್ಚುತ್ತಾಳೆಂದು ಐದು ವರ್ಷದವಳಿದ್ದಾಗ ನೀನೇ ಇಟ್ಟ ಹೆಸರು. ಈಗ ಹಾಜರಿ ಪುಸ್ತಕದಲ್ಲೊಂದು ಬಿಟ್ಟು ಎಲ್ಲ ಕಡೆ ಅದೇ ಓಡುತ್ತಿದೆ.

ಕಳೆದ ಭಾನುವಾರದ ಮೊದಲ ಪಂದ್ಯ ನೀವು ಎರಡು ಒಂದರಲ್ಲಿ ಸೋತಿರಲ್ಲ, ಆವತ್ತು ನಿಮ್ಮಜ್ಜಿ ಟೀವಿಗೆ ಬೆನ್ನು ಹಾಕಿ ಮಲಗಿದವರು ಊಟಕ್ಕೂ ಏಳಲಿಲ್ಲ. ನಾನು ಮಾರನೇ ದಿನ ಕಾರ್ಖಾನೆಗೆ ಹೋದರೆ ಎಲ್ಲರೂ ಬೇಕಂತಲೇ ಬೇರೆ ಏನೇನೋ ಮಾತಾಡುತ್ತಿದ್ದರು. ಈ ದಬ್ಬಣದಮ್ಮ ಮಾತ್ರ ದಾರಿಯ ಆಚೆಯಿಂದ, "ಗ್ಲೌಸು ಗಟ್ಟಿ ಇದ್ರೆ ಸಾಕಾ, ಒಳಗೆ ಕೈ ಇರಬೇಡ್ವಾ?" ಅಂದಳು. ತಮಾಷೆಗೇ ಅಂದಳೋ ಏನೋ. ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತವರಿಗೆ ಹೆಗ್ಗಣ ಮುದ್ದು, ನೀನೇನು ಹೆಗ್ಗಣವೂ ಅಲ್ಲ. ಎದ್ದು ನಿಂತು, "ಇನ್ಮೇಲೆ ನನ್ನ ಮಗಳ ಎರಡು ಕೈನೂ ನಾನೇ ಹೊಲೀತೀನಿ, ನಿನ್ನ ಉಪಕಾರ ಬೇಡ" ಎಂದೆ. ಇಡೀ ಹಾಲ್ ಕೇಳಿಸಿಕೊಂಡಿತು. ಆವತ್ತಿನಿಂದ ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಅವಳ ಕತ್ತರಿ ನನ್ನ ಹತ್ತಿರವಿತ್ತು, ಅದನ್ನೂ ಬೇರೆಯವರ ಕೈಯಲ್ಲಿ ಕಳಿಸಿದೆ.

ಈಗ ಗುರುವಾರದ ಕಥೆ ಕೇಳು. ಮಧ್ಯಾಹ್ನ ಮೂರಕ್ಕೆ ನಿಮ್ಮ ಪಂದ್ಯ. ಕಾರ್ಖಾನೆಯ ಯಜಮಾನರು ಮನೆಯಿಂದ ತಮ್ಮ ಟೀವಿ ಹೊರಿಸಿಕೊಂಡು ಬಂದು ಪ್ಯಾಕಿಂಗ್ ಮೇಜಿನ ಮೇಲೆ ಇಡಿಸಿದರು. ಒಂದೇ ಷರತ್ತು: "ಕಣ್ಣು ಎಲ್ಲಿ ಬೇಕಾದ್ರೂ ಇರಲಿ, ಮೆಷೀನು ನಿಲ್ಲಬಾರದು." ನಾನು ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೆ. ನೀನು ಆಡುವುದನ್ನು ನಾನು ಆಗಿಂದಾಗ ನೋಡುವುದಿಲ್ಲ, ಏನಾಯಿತೆಂದು ಗೊತ್ತಾದ ಮೇಲೇ ನೋಡುತ್ತೇನೆ, ಅದು ಎಲ್ಲರಿಗೂ ಗೊತ್ತು. ಗೋಡೆ ನೋಡುತ್ತಾ, ಕಿವಿ ಹಿಂದಕ್ಕಿಟ್ಟು ಹೊಲಿಯುತ್ತಿದ್ದೆ. ಮೆಷೀನುಗಳ ಸದ್ದಿನಲ್ಲೇ ಪಂದ್ಯ ತಿಳಿಯುತ್ತಿತ್ತು ಕಣೇ. ಚೆಂಡು ನಿನ್ನ ಕಡೆ ಬಂದಾಗ ಎಲ್ಲರ ಹೊಲಿಗೆ ನಿಧಾನವಾಗುತ್ತಿತ್ತು, ಆ ಕಡೆ ಹೋದರೆ ಚುರುಕಾಗುತ್ತಿತ್ತು. ಇಪ್ಪತ್ತನೇ ನಿಮಿಷಕ್ಕೆ ನಿಮ್ಮ ಜಡೆ ಹುಡುಗಿ ಗೋಲು ಹೊಡೆದಾಗ ನಮ್ಮ ಬೆಂಚಿನಲ್ಲಿ ಒಬ್ಬಳು ಹಾಕಿದ ಹೊಲಿಗೆ ಗ್ಲೌಸು ಬಿಟ್ಟು ಅವಳ ತೋಳಿನವರೆಗೂ ಓಡಿತಂತೆ. ಪುಣ್ಯಕ್ಕೆ ಅಂಗಿಯಷ್ಟೇ ಸಿಕ್ಕಿಕೊಂಡಿತು.

ಹೀಗೇ ಒಂದು ಸೊನ್ನೆಯಲ್ಲಿ ಮುಗಿಯುತ್ತದೆ ಅಂದುಕೊಂಡಿರುವಾಗ ಎಂಬತ್ತೆಂಟನೇ ನಿಮಿಷ. ಹಿಂದಿನಿಂದ ಒಂದೊಂದೇ ಮೆಷೀನು ನಿಂತಿತು. ಯಾರೋ "ಪೆನಾಲ್ಟಿ" ಅಂದರು. ನಿಲ್ಲಬಾರದು ಎಂದಿದ್ದ ಯಜಮಾನರೇ ಉಳಿದ ಮೆಷೀನುಗಳ ಸದ್ದು ತಡೆಯಲಾರದೆ ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿಬಿಟ್ಟರು. ಮೆಷೀನುಗಳು ನಿಂತವು. ಟೀವಿಯೂ ನಿಂತಿತು! ಇಪ್ಪತ್ತೆರಡು ಹೆಂಗಸರು ಒಟ್ಟಿಗೆ ಕಿರುಚಿದ್ದನ್ನು ನೀನು ಕೇಳಬೇಕಿತ್ತು. ಅವರು ಹೆದರಿ ಸ್ವಿಚ್ಚು ಮೇಲೆತ್ತಿದರು, ಆದರೆ ಆ ಟೀವಿ ತನ್ನ ಗತ್ತು ಬಿಡುತ್ತದೆಯೇ? ಮೊದಲು ಕಪ್ಪು, ಆಮೇಲೆ ನೀಲಿ, ಆಮೇಲೆ ಕಂಪನಿಯ ಹೆಸರು, ಆಮೇಲೆ ಮತ್ತೆ ಕಪ್ಪು. ಕೊನೆಗೆ ಚಿತ್ರ ಬಂದಾಗ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಿದ್ದರು, ರಾಶಿಯ ಕೆಳಗಿನಿಂದ ಒಂದು ಗ್ಲೌಸು ಮಾತ್ರ ಆಚೆ ಕಾಣುತ್ತಿತ್ತಂತೆ. "ನಮ್ಮ ಗ್ಲೌಸು! ನಮ್ಮ ಗ್ಲೌಸು!" ಎಂದು ನಮಗೆಲ್ಲ ಅಳತೆಗೆ ಕತ್ತರಿಸಿ ಕೊಡುವ ಕತ್ತರಿ ಮಾಸ್ತರರು ಕೂಗಿದಾಗಲೇ ನಾನು ತಿರುಗಿದ್ದು. ಆಮೇಲೆ ಅದನ್ನೇ ಮತ್ತೆ ಮತ್ತೆ ತೋರಿಸಿದರಲ್ಲ, ಹದಿನೇಳು ಸಲ ನೋಡಿದೆ. ಬಲಕ್ಕೆ ಹಾರಿ, ಉದ್ದಕ್ಕೆ ಮಲಗಿ, ಬೆರಳ ತುದಿಯಲ್ಲಿ ತಳ್ಳಿ, ಮತ್ತೆ ಎದ್ದು ಬಾಚಿಕೊಂಡೆಯಲ್ಲ ಮಗಳೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಇವಳು ಎಂದು ನನಗೇ ಅನುಮಾನ ಬಂತು. ಆ ಗಲಾಟೆಯಲ್ಲಿ ದಬ್ಬಣದಮ್ಮ ದಾರಿಯ ನಡುವಿನವರೆಗೂ ಬಂದಳು. ಏನೋ ಹೇಳಲು ಬಾಯಿ ತೆರೆದಳು. ನಾನು ಮುಖ ತಿರುಗಿಸಿಕೊಂಡೆ. ಅವಳು ವಾಪಸು ಹೋಗಿ ಕೂತಳು. ಈಗ ಬರೆಯುವಾಗ ಯಾಕೋ ಮನಸ್ಸಿಗೆ ಪಿಚ್ಚೆನಿಸುತ್ತಿದೆ.

ಪೆನಾಲ್ಟಿ ಅಂದ ಕೂಡಲೇ ನಿಮ್ಮಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರಂತೆ, ಹಾಗಾಗಿ ನಮ್ಮ ಮನೆಯಲ್ಲಿ ಅದನ್ನು ಆಗಿಂದಾಗ ಕಣ್ಣಾರೆ ಕಂಡವರು ನಿಮ್ಮಪ್ಪ ಒಬ್ಬರೇ. ಆವತ್ತು ಅವರಿಗೆ ಹೊಸ ಬಡಾವಣೆಯಲ್ಲಿ ನೀರಿನ ಮೀಟರು ಓದುವ ಸರದಿ. ಒಂದೊಂದು ಮನೆಗೆ ಹೋಗಿ ಮೀಟರು ಬರೆದುಕೊಂಡು, "ಸ್ವಲ್ಪ ನೀರು ಕೊಡ್ತೀರಾ" ಎಂದು ಕೇಳಿ, ನೀರು ಬರುವವರೆಗೆ ಟೀವಿ ನೋಡಿ, ಮುಂದಿನ ಮನೆಗೆ ಹೋಗಿ, ಹೀಗೆ ಒಂಬತ್ತು ಮನೆಯಲ್ಲಿ ಒಂದು ಪಂದ್ಯ ನೋಡಿದ್ದಾರೆ. ಒಂಬತ್ತು ಲೋಟ ನೀರೂ ಕುಡಿದಿದ್ದಾರೆ. ಪೆನಾಲ್ಟಿ ಹೊತ್ತಿಗೆ ಅವರಿದ್ದ ಮನೆಯಲ್ಲಿ ಒಬ್ಬ ಮುದುಕರು ಪರದೆ ನೋಡುತ್ತಾ, "ಈ ಹುಡುಗಿ ಬಿಡ್ತಾಳೆ" ಅಂದರಂತೆ. ನಿಮ್ಮಪ್ಪ ಮೀಟರ್ ಪುಸ್ತಕ ನೆಲಕ್ಕೆ ಹಾಕಿ, "ನನ್ನ ಮಗಳು, ಬಿಡಲ್ಲ" ಅಂದರಂತೆ. ನೀನು ಹಿಡಿದಾಗ ಆ ಮುದುಕರು ಎದ್ದು ಇವರನ್ನು ತಬ್ಬಿಕೊಂಡರಂತೆ. ಆವತ್ತಿನಿಂದ ದಿನಾ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಇವರು ನೀನಾಗಿ ನಿಲ್ಲುತ್ತಾರೆ, ನಿಮ್ಮಜ್ಜಿ ಮಂಚದ ಮೇಲಿಂದ ದಿಂಬು ಎಸೆಯುತ್ತಾರೆ. ನಿನ್ನೆ ದಿಂಬು ಹೋಗಿ ಸಾರಿನ ಪಾತ್ರೆಗೆ ಬಿತ್ತು. ಅಪ್ಪನಿಗೆ ಬಲಗಡೆ ಹಾರಲು ಬರುವುದಿಲ್ಲ, ನಿನ್ನ ಕೆಲಸಕ್ಕೆ ಅಪಾಯವಿಲ್ಲ.

ಶುಕ್ರವಾರ ಕತ್ತರಿ ಮಾಸ್ತರರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ತಂಡದ ಲೆಕ್ಕ ಬರೆದು ನಮಗೆಲ್ಲ ಪಾಠ ಮಾಡಿದರು. ನಾಲ್ಕರಲ್ಲಿ ಇಬ್ಬರಿಗೆ ಮಾತ್ರ ದೊಡ್ಡ ಟೂರ್ನಿಗೆ ಹೋಗುವ ಅವಕಾಶ. ಒಂದು ತಂಡ ಎರಡೂ ಗೆದ್ದು ಆಗಲೇ ಹೋಗಿ ಕೂತಿದೆ. ಇನ್ನೊಂದು ಜಾಗಕ್ಕೆ ನೀವು ಮತ್ತು ಬುಧವಾರ ನಿಮ್ಮೆದುರು ಆಡುವವರು. ನಿಮಗೂ ಅವರಿಗೂ ಒಂದೊಂದು ಗೆಲುವು, ಆದರೆ ಅವರು ಹೆಚ್ಚು ಗೋಲು ಬಿಟ್ಟುಕೊಟ್ಟು ಗೋಲಿನ ಲೆಕ್ಕದಲ್ಲಿ ಹಿಂದಿದ್ದಾರೆ, ಅದಕ್ಕೇ ಸಮ ಆದರೂ ಸಾಕು, ನೀವೇ ಮುಂದೆ. "ಅಂದ್ರೆ ಚೆಂಡು ಒಳಗೆ ಹೋಗದೇ ಇದ್ರೆ ಸಾಕು" ಅಂದೆ. ಮಾಸ್ತರರು ನನ್ನ ಮುಖ ನೋಡಿ, "ಹೂಂ, ನಿನ್ನ ಮಗಳು ಸುಮ್ಮನೆ ನಿಂತು ಹಿಡಿದ್ರೆ ಸಾಕು" ಅಂದರು. ಸುಮ್ಮನೆ ನಿಂತು ಹಿಡಿಯಬೇಕಂತೆ! ಎಷ್ಟು ಸಲೀಸಾಗಿ ಹೇಳುತ್ತಾರೆ. ನಮ್ಮ ದೇಶದ ಹುಡುಗಿಯರು ಇಲ್ಲಿಯವರೆಗೆ ಒಂದು ಸಲವೂ ಆ ಟೂರ್ನಿ ಮುಟ್ಟಿಲ್ಲ ಎಂದು ಆಮೇಲೆ ಮೆಲ್ಲಗೆ ಸೇರಿಸಿದರು.

ಗ್ಲೌಸಿನ ವಿಷಯ. ಒಂದು ಕೈ ಹೊಸದು, ಒಂದು ಕೈ ಹಳೆಯದು ಯಾಕೆ, ಎರಡೂ ಹೊಸದೇ ಇರಲಿ ಎಂದು ಒಂದು ಜೊತೆಯನ್ನೇ ಹೊಲಿದೆ. ಆಡಿದ ಮಾತಿನಂತೆ ಆಚೆ ಬೆಂಚಿನ ಹಂಗಿಲ್ಲದೆ ಎರಡನ್ನೂ ನಾನೇ ಹೊಲಿದೆ. ಯಜಮಾನರು ಅಂಗೈಗೆ ಮೆತ್ತನೆಯ ಒಳ್ಳೆ ರಬ್ಬರ್ ಹಾಳೆ ತಾವೇ ಆರಿಸಿ ಕೊಟ್ಟರು. "ಎರಡು ಕೈಗೆ ಕತ್ತರಿಸಿ ಕೊಡಿ" ಅಂದೆ, ಮಾಸ್ತರರು ಚಿಟಿಕೆ ಹೊಡೆಯುವುದರಲ್ಲಿ ಕತ್ತರಿಸಿ ಕೊಟ್ಟರು. ನಮ್ಮ ಬೆಂಚಿನ ಒಬ್ಬೊಬ್ಬರೂ ಒಂದೊಂದು ಬೆರಳಿಗೆ ಒಂದೊಂದು ಹೊಲಿಗೆ ಹಾಕಿದ್ದಾರೆ, ಹಾಕದೆ ಬಿಡಲಿಲ್ಲ. ಹೊಲಿದಾದ ಮೇಲೆ ಕಬ್ಬಿಣದ ಕೈಗೆ ತೊಡಿಸಿ ಆಕಾರ ಕೂರಿಸಿದೆವು. ಕೇಳುವ ಹುಡುಗಿಯರೇ, ಕಬ್ಬಿಣದ ಕೈ ಅಂದರೆ ಬೆಂಚಿನ ತುದಿಗೆ ಮೊಳೆ ಹೊಡೆದು ನಿಲ್ಲಿಸಿದ ಅಚ್ಚು, ಬೆರಳು ಬಿಡಿಸಿಕೊಂಡು ಯಾರನ್ನೋ ತಡೆಯುತ್ತಿರುವ ಹಾಗೆ ನಿಂತಿರುತ್ತದೆ. ಆಮೇಲೆ ಎರಡನ್ನೂ ಅಂಗೈ ಕೆಳಗೆ ಮಾಡಿ ಒಂದರ ಮೇಲೊಂದು ಇಟ್ಟು ನೋಡಿದರೆ ಅಂಚಿಗೆ ಅಂಚು, ಬೆರಳಿಗೆ ಬೆರಳು, ಕೂದಲೆಳೆ ವ್ಯತ್ಯಾಸವಿಲ್ಲ. ಹನ್ನೊಂದು ಜನ ಮುಟ್ಟಿ ನೋಡಿದರು, ಹನ್ನೊಂದು ಜನವೂ ಭೇಷ್ ಅಂದರು. ನಾನು ದಾರಿಯ ಆಚೆ ಕಾಣುವ ಹಾಗೆ ಸ್ವಲ್ಪ ಎತ್ತಿ ಹಿಡಿದೆ, ಸುಳ್ಳು ಯಾಕೆ ಹೇಳಲಿ. ಶನಿವಾರ ಬೆಳಿಗ್ಗೆ ಕೊರಿಯರ್‌ಗೆ ಕೊಟ್ಟಿದ್ದೇವೆ, ಮೂರು ದಿನ ಅಂದಿದ್ದಾರೆ, ಮಂಗಳವಾರ ನಿನ್ನ ಕೈಯಲ್ಲಿರುತ್ತದೆ.

ಇನ್ನು ನನ್ನ "ನೋಡೋಣ". ಇಷ್ಟೊತ್ತು ಅದರ ಸುತ್ತಲೇ ಸುತ್ತುತ್ತಿದ್ದೇನೆಂದು ನಿನಗೂ ಗೊತ್ತಾಗಿರಬೇಕು. ಕಾರ್ಖಾನೆಯಲ್ಲಿ ರಜೆ ಇಲ್ಲ ಎಂದು ಬರೆಯೋಣವೆಂದುಕೊಂಡಿದ್ದೆ, ಯಜಮಾನರು ಕೇಳದೆಯೇ ರಜೆ ಕೊಡುತ್ತೇನೆಂದರು. ನಿಮ್ಮಜ್ಜಿಯನ್ನು ನೋಡಿಕೊಳ್ಳುವವರಿಲ್ಲ ಅನ್ನೋಣವೆಂದರೆ, ಅವರು "ನನ್ನ ಹೆಸರು ಹೇಳಿ ಮನೇಲಿ ಕೂತ್ರೆ ನೋಡು" ಎಂದು ಹೆದರಿಸಿದರು. ದಿನವಿಡೀ ರೈಲಿನಲ್ಲಿ ಕೂತರೆ ನನಗೆ ವಾಂತಿ ಬರುತ್ತದೆ, ಅದೊಂದು ನಿಜ, ಆದರೆ ಅದು ಕಾರಣವಲ್ಲ. ಕಾರಣವನ್ನು ಆರು ವರ್ಷದಿಂದ ಯಾರಿಗೂ ಹೇಳಿಲ್ಲ. ಇದನ್ನು ಗಟ್ಟಿಯಾಗಿ ಓದಬೇಡ, ನೀನೊಬ್ಬಳೇ ಓದಿಕೋ.

ನಿನಗೆ ಹದಿನಾಲ್ಕು, ಶಾಲೆಯ ಮೈದಾನ, ನಿನ್ನ ಮೊದಲ ಸರಿಯಾದ ಪಂದ್ಯ. ನಾನು ಅರ್ಧ ದಿನ ರಜೆ ಹಾಕಿ ಗೆರೆಯ ಪಕ್ಕದಲ್ಲೇ ಬಂದು ಕೂತಿದ್ದೆ. ಎದುರಿನ ಎತ್ತರದ ಹುಡುಗಿ ಚೆಂಡು ತೆಗೆದುಕೊಂಡು ಒಬ್ಬಳೇ ಓಡಿ ಬಂದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. "ಮಿಡತೇ, ಬಲಕ್ಕೇ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಹುಟ್ಟಿದಾಗಿನಿಂದ ಒಂದು ದಿನವೂ ನನ್ನ ಮಾತು ಕೇಳದವಳು ಆವತ್ತು ಕೇಳಿದೆ. ಚೆಂಡು ಬಿಟ್ಟು ನನ್ನ ಕಡೆ ನೋಡಿದೆ. ಅರೆಕ್ಷಣ. ಅಷ್ಟರಲ್ಲಿ ಚೆಂಡು ಬಂದು ನಿನ್ನ ಬಲಗೈ ಕಿರುಬೆರಳನ್ನು ಹಿಂದಕ್ಕೆ ಮಡಿಸಿತು. ಮೂಳೆ ಕೂಡಿಸಿದ ಡಾಕ್ಟರು ಬೆರಳು ಸೊಟ್ಟಗೇ ಉಳಿಯುತ್ತದೆ ಅಂದರು. ನೀನು ಎಲ್ಲರಿಗೂ "ಚೆಂಡು ಜೋರಾಗಿ ಬಂತು" ಎಂದೆ, ಅಮ್ಮ ಕೂಗಿದಳು ಎಂದು ಒಬ್ಬರಿಗೂ ಹೇಳಲಿಲ್ಲ. ನೀನು ಮರೆತೆಯೋ, ನನ್ನನ್ನು ಕಾಪಾಡಿದೆಯೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ನಾನು ಮೈದಾನಕ್ಕೆ ಬಾರದಿರುವುದು ನಿನ್ನ ಆಟ ನನಗೆ ಮುಖ್ಯವಲ್ಲ ಅಂತಲ್ಲ ಮಗಳೇ. ನನ್ನ ಬಾಯಿಯ ಮೇಲೆ ನನಗೆ ನಂಬಿಕೆ ಇಲ್ಲ. ಬುಧವಾರ ನಿನ್ನ ಕಣ್ಣು ಚೆಂಡಿನ ಮೇಲಿರಬೇಕು, ಮೆಟ್ಟಿಲ ಮೇಲೆ ಕೂತ ಅಮ್ಮನ ಮೇಲಲ್ಲ. ಅದಕ್ಕೇ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದರೂ ನಾನು ಅಲ್ಲೇ ಇರುತ್ತೇನೆ.

ಗಟ್ಟಿಯಾಗಿ ನಿಲ್ಲು, ತಣ್ಣಗಿರು, ಹುಡುಗಿಯರ ಮೇಲೆ ಕಿರುಚಬೇಡ, ಕಿರುಚುವುದು ನಮ್ಮ ಮನೆಯ ರೋಗ. ನಿಮ್ಮಜ್ಜಿಯ ಆಶೀರ್ವಾದ, ರೆಫರಿಗೆ ಅವರ ಎಚ್ಚರಿಕೆ. ಅಪ್ಪನ ಪ್ರೀತಿ. ಕೋಚಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಹತ್ತು ಬೆರಳಿಗೂ ಒಂದೊಂದು ಮುತ್ತು, ಸೊಟ್ಟ ಬೆರಳಿಗೆ ಎರಡು.

ಇಂತಿ ನಿನ್ನ
ಅಮ್ಮ

ಮತ್ತೆ ಬರೆದದ್ದು. ಸೋಮವಾರ, ಮಧ್ಯಾಹ್ನ ಎರಡೂವರೆ, ಕಾರ್ಖಾನೆಯಿಂದ.

ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ, ಮಡಿಲ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕಾಗದವನ್ನು ಅಂಚೆಗೆ ಹಾಕಲೆಂದು ಚೀಲದಲ್ಲಿಟ್ಟುಕೊಂಡು ಬಂದಿದ್ದೆ. ಊಟದ ಹೊತ್ತಿಗೆ ದಬ್ಬಣದಮ್ಮ ದಾರಿ ದಾಟಿ ಬಂದು ನನ್ನ ಮುಂದೆ ನಿಂತಳು. ವಾರದ ಮೇಲೆ ಮೊದಲ ಮಾತು. "ಹುಡುಗಿ ಗ್ಲೌಸನ್ನ ಯಾವ ಕಬ್ಬಿಣದ ಕೈಗೆ ತೊಡಿಸಿದೆ?" "ನಮ್ಮದಕ್ಕೇ" ಎಂದೆ, ಗತ್ತಿನಿಂದ. "ಎರಡನ್ನೂನಾ?" "ಹೂಂ, ಎರಡನ್ನೂ." ಅವಳು ನಮ್ಮ ಬೆಂಚಿನ ತುದಿಯತ್ತ ಬೆರಳು ಮಾಡಿದಳು, ನಾನು ತಿರುಗಿ ನೋಡಿದೆ. ನಮ್ಮ ಬೆಂಚಿನ ಕಬ್ಬಿಣದ ಕೈ ಎಡಗೈ ಕಣೇ! ಬಲಗೈ ಗ್ಲೌಸು ಅದರ ಮೇಲೆ ಕೂರುವುದೇ ಇಲ್ಲ. ಎರಡೂ ಸಲೀಸಾಗಿ ಕೂತವು ಅಂದರೆ ಎರಡೂ ಎಡಗೈ. ಮಾಸ್ತರರು ಕೇಳಿದವಳ ಮುಖ ನೋಡಿ ಇಪ್ಪತ್ತೆರಡು ವರ್ಷದ ರೂಢಿಯಂತೆ ಎಡಗೈ ಅಳತೆಯಲ್ಲೇ ಎರಡು ಕತ್ತರಿಸಿದ್ದಾರೆ. ನಾವು ಹನ್ನೊಂದು ಜನ ಒಂದರ ಮೇಲೊಂದು ಇಟ್ಟು, ಸರಿಯಾಗಿ ಕೂತಿತೆಂದು ಕುಣಿದಿದ್ದೇವೆ. ನಮ್ಮ ಕಣ್ಣಿಗೆ ಎಡಗೈ ಬಿಟ್ಟು ಬೇರೆ ಕೈಯೇ ಕಾಣುವುದಿಲ್ಲ. ಹರಿದದ್ದು ಬಲಗೈ. ನಾಳೆ ಪಾರ್ಸೆಲ್ ಬಿಚ್ಚಿದರೆ ನಿನ್ನ ಹತ್ತಿರ ಮೂರು ಎಡಗೈ ಇರುತ್ತದೆ, ಬಲಗೈ ಒಂದೂ ಇರುವುದಿಲ್ಲ.

ಅವಳು ನಗುತ್ತಾಳೆ, ಇಡೀ ಹಾಲ್‌ಗೆ ಸಾರುತ್ತಾಳೆ ಅಂದುಕೊಂಡೆ. ಅವಳು ಹೋಗಿ ರಬ್ಬರ್ ಹಾಳೆ ತಂದು ಊಟ ಬಿಟ್ಟು ಕೂತಳು. ಅಳತೆಯ ಚೀಟಿ ಕೊಡಲು ಹೋದೆ. "ಇಟ್ಕೋ. ನಿನ್ನ ಚೀಟೀಲಿ ಕಿರುಬೆರಳು ನೆಟ್ಟಗಿದೆ, ಅವಳದು ನೆಟ್ಟಗಿಲ್ಲ" ಅಂದಳು. ಆರು ವರ್ಷದಿಂದ ನಿನ್ನ ಬಲಗೈಯ ಕಿರುಬೆರಳನ್ನು ಓರೆ ಮಾಡಿ ಹೊಲಿಯುತ್ತಿದ್ದಾಳೆ, ಯಾರಿಗೂ ಹೇಳದೆ. ಕಂಪನಿ ಗ್ಲೌಸು ಯಾಕೆ ಒತ್ತುತ್ತದೆ, ನಮ್ಮದು ಯಾಕೆ ಒತ್ತುವುದಿಲ್ಲ ಎಂದು ನನಗೆ ಇವತ್ತು ಗೊತ್ತಾಯಿತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು: "ಬೆರಳು ಮುರಿದ ದಿನ ಅವಳು ಹಾಕಿದ್ದ ಗ್ಲೌಸು ನಾನು ಹೊಲಿದದ್ದು. ಬೆಳೆಯೋ ಮಗು, ಇನ್ನೊಂದು ವರ್ಷಕ್ಕೂ ಬರಲಿ ಅಂತ ಕಿರುಬೆರಳು ಸಡಿಲ ಬಿಟ್ಟಿದ್ದೆ. ಸಡಿಲ ಇದ್ದದ್ದಕ್ಕೇ ಮಡಿಸಿಕೊಳ್ತು." ನಾನು ನನ್ನ ಕೂಗಿನ ಕಥೆ ಹೇಳಿದೆ. ಒಂದೇ ಬೆರಳಿನ ತಪ್ಪನ್ನು ದಾರಿಯ ಆಚೆ ಅವಳು, ಈಚೆ ನಾನು, ಆರು ವರ್ಷ ಹೊತ್ತುಕೊಂಡು ಕೂತಿದ್ದೆವು ನೋಡು. ಇಬ್ಬರೂ ಅತ್ತೆವು. ಆಮೇಲೆ ಅವಳೇ, "ಅತ್ತಿದ್ದು ಸಾಕು, ದಾರಕ್ಕೆ ಮೇಣ ಹಚ್ಚು" ಎಂದಳು.

ಗ್ಲೌಸು ಸಂಜೆಯೊಳಗೆ ಮುಗಿಯುತ್ತದೆ. ಕೊರಿಯರ್‌ಗೆ ಕೊಟ್ಟರೆ ಗುರುವಾರ, ಪ್ರಯೋಜನವಿಲ್ಲ. ನಿಮ್ಮಪ್ಪನಿಗೆ ಫೋನು ಮಾಡಿದೆ, ನಾನು ತೆಗೆದುಕೊಂಡು ಹೋಗುತ್ತೇನೆ ಅಂದರು. "ಬೇಡ, ನಾನೇ ಹೋಗ್ತೀನಿ" ಅನ್ನುವ ಮಾತು ನನ್ನ ಬಾಯಿಂದಲೇ ಬಂತು, ಬಂದಮೇಲೆ ನಾನೇ ಬೆಚ್ಚಿದೆ. ದಬ್ಬಣದಮ್ಮ ಹೊಲಿಯುತ್ತಲೇ, "ಹೋಗು. ಕೂಗಬೇಕು ಅನ್ನಿಸಿದ್ರೆ ಕೂಗು. ಅವಳಿಗೀಗ ಹದಿನಾಲ್ಕಲ್ಲ, ಸಾವಿರ ಜನ ಕೂಗ್ತಾರೆ, ನಿನ್ನೊಬ್ಬಳ ದನಿಗೆ ತಿರುಗ್ತಾಳಾ?" ಅಂದಳು. ದಬ್ಬಣವೇ, ಆದರೆ ಈ ಸಲ ನೋಯಲಿಲ್ಲ. ಯಜಮಾನರ ಫೋನಿನಿಂದ ನಿಮ್ಮ ಕೋಚಮ್ಮನಿಗೆ ಹೇಳಿದ್ದೇನೆ: ಬಲಗೈ ಬರುತ್ತಿದೆ, ಹುಡುಗಿ ಗಾಬರಿಯಾಗಬಾರದು, ಯಾರು ತರುತ್ತಾರೆಂದು ಮಾತ್ರ ಹೇಳಬೇಡಿ. ಅವರು ನಕ್ಕು ಒಪ್ಪಿಕೊಂಡರು. ನಾಳೆ ಬೆಳಿಗ್ಗೆ ಆರರ ರೈಲು. ವಾಂತಿಗೆ ಮಾತ್ರೆಯನ್ನು ಯಜಮಾನರೇ ತರಿಸಿಕೊಟ್ಟಿದ್ದಾರೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬರುವುದಿಲ್ಲ ಎಂದು ಮೇಲೆ ಬರೆದದ್ದನ್ನೆಲ್ಲ ನೀನೇ ಹೊಡೆದುಹಾಕು. ಹೇಳಬೇಕಾದ್ದನ್ನು ಎದುರಿಗೆ ನಿಂತು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಕಾಗದವನ್ನು ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೂ ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ. ಮುಗಿಯಿತಲ್ಲ, ತಲೆ ಎತ್ತು. ಬಲಗೈ ಚಾಚು, ನಾನೇ ತೊಡಿಸುತ್ತೇನೆ.